18ನೇ ಶತಮಾನದ ಚಿಂತಕರನ್ನು ಓದುವುದು ಹೇಗೆ? ಜಗಳದಿಂದ ಶುರು ಮಾಡಿ

ವೋಲ್ಟೇರ್, ರೂಸೋ, ಹ್ಯೂಮ್, ಕಾಂಟ್, ಆಡಮ್ ಸ್ಮಿತ್. ಇವರಲ್ಲಿ ಒಂದೆರಡು ಹೆಸರಾದರೂ ಹೈಸ್ಕೂಲ್ ಇತಿಹಾಸದ ಪಾಠದಿಂದಲೇ ನಮಗೆ ಗೊತ್ತು. ಫ್ರಾನ್ಸಿನ ಕ್ರಾಂತಿಗೆ ಕಾರಣಗಳೇನು ಅನ್ನುವ ಪ್ರಶ್ನೆಗೆ ಉತ್ತರ ಬರೆಯುವಾಗ ಆ ಹೆಸರುಗಳನ್ನು ಹಾಕಿ ಮುಂದೆ ಹೋಗಿದ್ದೇವೆ. ಆಮೇಲೆ ಯಾವತ್ತೋ ಓದುವ ಆಸೆ ಹುಟ್ಟುತ್ತದೆ. ದಪ್ಪ ಪುಸ್ತಕ ತರುತ್ತೇವೆ, ಇಪ್ಪತ್ತು ಪುಟ ಓದುತ್ತೇವೆ, ಕಪಾಟಿಗೆ ಸೇರಿಸುತ್ತೇವೆ. ಹೀಗಾದವರೇ ಜಾಸ್ತಿ.

ಆದರೆ ಇವರು ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಬರೆದವರಲ್ಲ. ಒಬ್ಬರಿಗೊಬ್ಬರು ಕಾಗದ ಬರೆದರು, ಹೊಗಳಿದರು, ಕಾಲೆಳೆದರು, ಮಾತು ಬಿಟ್ಟರು. ಒಬ್ಬರ ಪುಸ್ತಕ ಬಂದರೆ ಇನ್ನೊಬ್ಬರ ಉತ್ತರ ಬರುತ್ತಿತ್ತು. ಒಬ್ಬರನ್ನಷ್ಟೇ ಓದಿದರೆ, ಫೋನಿನಲ್ಲಿ ಒಂದು ಕಡೆಯವರ ಮಾತು ಮಾತ್ರ ಕೇಳಿಸಿಕೊಂಡ ಹಾಗಾಗುತ್ತದೆ. ಹಾಗಾಗಿ ನನ್ನ ಸಲಹೆ ಸರಳ: ಹೆಸರು ಹಿಡಿದು ಓದಬೇಡಿ, ಜಗಳ ಹಿಡಿದು ಓದಿ.

ಹೆಜ್ಜೆ 1: ದಪ್ಪ ಪುಸ್ತಕಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ

ಕಾಂಟ್ 1781ರಲ್ಲಿ ಪ್ರಕಟಿಸಿದ 'ಶುದ್ಧ ವಿವೇಕದ ವಿಮರ್ಶೆ' ಬೇಡ. ಗಿಬ್ಬನ್ 1776ರಿಂದ 1788ರವರೆಗೆ ಆರು ಸಂಪುಟಗಳಲ್ಲಿ ತಂದ ರೋಮ್ ಇತಿಹಾಸವೂ ಬೇಡ. ಸ್ಮಿತ್‌ನ 'ರಾಷ್ಟ್ರಗಳ ಸಂಪತ್ತು' ಕೂಡ ಇಡಿಯಾಗಿ ಬೇಡ. ಅದರಲ್ಲಿ ಯಾವ ಪುಟ ಓದಬೇಕು ಅಂತ ಮುಂದೆ ಹೇಳುತ್ತೇನೆ. ಆ ಕಾಲದ ಒಳ್ಳೆಯ ಬರಹ ಎಷ್ಟೋ ಚಿಕ್ಕದಾಗಿದೆ: ಕಾಗದ, ಕರಪತ್ರ, ಪತ್ರಿಕಾ ಲೇಖನ, ತೆಳ್ಳಗಿನ ಕಥೆ. ಅಲ್ಲಿಂದ ಶುರು ಮಾಡಿ.

ಹೆಜ್ಜೆ 2: ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ಎಡಪುಟದಲ್ಲಿ ಯುರೋಪು, ಬಲಪುಟದಲ್ಲಿ ನಮ್ಮ ಕಡೆ. ಇಸವಿ ಬರೆದು, ಆ ವರ್ಷ ಯಾರು ಏನು ಮಾಡಿದರು ಅಂತ ಒಂದೇ ಸಾಲು ಹಾಕಿ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಮಜಾ ಬರುತ್ತದೆ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ನ ಭೂಕಂಪ 1755ರಲ್ಲಿ. ವಿಜಯದಾಸರು ತೀರಿಕೊಂಡಿದ್ದೂ ಅದೇ ವರ್ಷ. ವೋಲ್ಟೇರ್‌ನ ವ್ಯಂಗ್ಯ ಕಥೆ 'ಕ್ಯಾಂಡೀಡ್' 1759ರಲ್ಲಿ. ಎರಡು ವರ್ಷ ಕಳೆದರೆ ಮೈಸೂರು ಹೈದರಾಲಿಯ ಕೈಯಲ್ಲಿ. ಕಾಂಟ್ ಬದುಕಿದ್ದು 1724ರಿಂದ 1804. 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು 1728ರಿಂದ 1809. ಮಾನ್ವಿಯ ದಾಸರೂ ಕಾಂಟ್‌ನ ಊರಾದ ಕ್ಯೋನಿಗ್ಸ್‌ಬರ್ಗ್‌ನ ಮೇಷ್ಟ್ರೂ ಹೆಚ್ಚುಕಡಿಮೆ ಓರಗೆಯವರು! ಇವರ ನಡುವೆ ಸಂಬಂಧ ಇತ್ತು ಅಂತಲ್ಲ. ಇಸವಿ ನೆನಪಿಡಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಹೆಜ್ಜೆ 3: ಪಠ್ಯ ಎಲ್ಲಿಂದ ತರುವುದು?

ಇವರೆಲ್ಲ ತೀರಿಕೊಂಡು ಇನ್ನೂರು ವರ್ಷದ ಮೇಲಾಯಿತು, ಹಕ್ಕುಸ್ವಾಮ್ಯದ ತಕರಾರಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬಸ್ಸಿನಲ್ಲಿ ಹೋಗುತ್ತಾ ಕೇಳಬೇಕು ಅಂದರೆ ಲಿಬ್ರಿವಾಕ್ಸ್‌ನಲ್ಲಿ ಓದಿದ ಧ್ವನಿಮುದ್ರಣಗಳಿವೆ.

ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲೇ ಬರೆದವರನ್ನು, ಅಂದರೆ ಹ್ಯೂಮ್, ಸ್ಮಿತ್, ಜಾನ್ಸನ್, ಬರ್ಕ್ ಇವರನ್ನು, ಉಚಿತ ಪ್ರತಿಯಲ್ಲಿ ಧಾರಾಳವಾಗಿ ಓದಿ. ಫ್ರೆಂಚ್, ಜರ್ಮನ್ ಲೇಖಕರ ವಿಷಯದಲ್ಲಿ ಹಾಗಲ್ಲ. ಉಚಿತವಾಗಿ ಸಿಗುವುದು ಸಾಮಾನ್ಯವಾಗಿ ಹಳೇ ಅನುವಾದ, ಓದಲು ಗಡುಸು. ಕೈಲಾದರೆ ಟಿಪ್ಪಣಿ ಇರುವ ಹೊಸ ಅನುವಾದವೊಂದನ್ನು ಕೊಂಡುಕೊಳ್ಳಿ, ಇಲ್ಲವೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ. ಹಾಸ್ಯಕ್ಕೆ ಹೆಸರಾದ ವೋಲ್ಟೇರ್ ಕೆಟ್ಟ ಅನುವಾದದಲ್ಲಿ ಸರ್ಕಾರಿ ಸುತ್ತೋಲೆಯಂತೆ ಕೇಳಿಸಬಾರದು, ಅಲ್ವಾ?

ಮೂಲ ಮುದ್ರಣದ ಸ್ಕ್ಯಾನ್ ತೆರೆದರೆ ಇನ್ನೊಂದು ತಮಾಷೆ ಎದುರಾಗುತ್ತದೆ. ಆಗಿನ ಅಚ್ಚಿನಲ್ಲಿ ಪದದ ಮೊದಲು ಮತ್ತು ನಡುವೆ ಬರುವ 'ಎಸ್' ಅಕ್ಷರ ಉದ್ದಕ್ಕಿರುತ್ತದೆ, ನೋಡಲು 'ಎಫ್' ತರಹ. ಮೊದಲ ಎರಡು ಪುಟ ಎಡವುತ್ತೀರಿ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಕಂಪ್ಯೂಟರ್ ಮಾತ್ರ ಹೊಂದಿಕೊಳ್ಳುವುದಿಲ್ಲ. ಅಂಥ ಸ್ಕ್ಯಾನ್‌ನಲ್ಲಿ ಪದ ಹುಡುಕಿ ಸಿಗದಿದ್ದರೆ 'ಎಸ್' ಬದಲು 'ಎಫ್' ಹಾಕಿ ನೋಡಿ.

ಹೆಜ್ಜೆ 4: ಲಿಸ್ಬನ್‌ಗೆ ಹೋಗಿ

ಮೊದಲ ಜಗಳ ಇದು. ನಿಧಾನವಾಗಿ ಓದಿ.

1755ರ ನವೆಂಬರ್ 1, ಕ್ರೈಸ್ತರ ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಲಿಸ್ಬನ್‌ನ ಚರ್ಚುಗಳು ತುಂಬಿದ್ದವು. ಭೂಮಿ ನಡುಗಿತು. ಚರ್ಚುಗಳು ಜನರ ಮೇಲೇ ಕುಸಿದವು. ಬದುಕಿ ಉಳಿದವರು ಬಯಲು ಅಂತ ನದಿ ದಂಡೆಗೆ ಓಡಿದರೆ ಅಲ್ಲಿ ಸುನಾಮಿ ಬಂತು. ಊರಿಗೆ ಬಿದ್ದ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ.

ಜಿನೀವಾದಲ್ಲಿದ್ದ ವೋಲ್ಟೇರ್ ಸುದ್ದಿ ಕೇಳಿ ಕವಿತೆ ಬರೆದ. ನಡೆದದ್ದೆಲ್ಲ ಒಳ್ಳೆಯದಕ್ಕೇ ಅನ್ನುವ ಪಂಡಿತರೇ, ಈ ಅವಶೇಷಗಳ ಮುಂದೆ ನಿಂತು ಆ ಮಾತು ಹೇಳಿ ನೋಡೋಣ ಅನ್ನುವುದು ಅದರ ಧಾಟಿ. ರೂಸೋಗೆ ಇದು ಸರಿಬರಲಿಲ್ಲ. 1756ರ ಆಗಸ್ಟ್ 18ರಂದು ವೋಲ್ಟೇರ್‌ಗೆ ಉದ್ದನೆಯ ಕಾಗದ ಬರೆದ. ಅದರಲ್ಲೊಂದು ಮಾತಿದೆ, ಇವತ್ತಿನ ಪತ್ರಿಕೆಯ ಸಂಪಾದಕೀಯದಂತಿದೆ: ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒಂದೇ ಕಡೆ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ. ಜನ ಚದುರಿಕೊಂಡು, ಹಗುರವಾದ ಮನೆಗಳಲ್ಲಿ ಇದ್ದಿದ್ದರೆ ಹಾನಿ ಎಷ್ಟೋ ಕಡಿಮೆ ಆಗುತ್ತಿತ್ತು. ಬಟ್ಟೆಗೆ, ಕಾಗದಪತ್ರಕ್ಕೆ, ದುಡ್ಡಿಗೆ ಅಂತ ವಾಪಸ್ ಮನೆಯೊಳಗೆ ಹೋಗಿ ಎಷ್ಟು ಜನ ಸತ್ತರೋ! ದೇವರ ನ್ಯಾಯದ ಚರ್ಚೆಯ ನಡುವೆ ರೂಸೋ ನಗರ ಯೋಜನೆಯ ಪ್ರಶ್ನೆ ಎತ್ತಿಬಿಟ್ಟ. ಪ್ರವಾಹದಲ್ಲಿ ಬಡಾವಣೆ ಮುಳುಗಿದಾಗ 'ಕೆರೆ ಮುಚ್ಚಿ ಮನೆ ಕಟ್ಟಿದವರು ಯಾರು?' ಅಂತ ನಾವು ಕೇಳುತ್ತೇವಲ್ಲ, ಆ ಪ್ರಶ್ನೆಯೇ ಇದು.

ವೋಲ್ಟೇರ್ ಮೈ ಸರಿಯಿಲ್ಲ ಅಂತ ಚಿಕ್ಕ ಉತ್ತರ ಬರೆದು ಜಾರಿಕೊಂಡ. ನಿಜವಾದ ಉತ್ತರ 'ಕ್ಯಾಂಡೀಡ್' ಅಂತ ರೂಸೋ ಮುಂದೆ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ. ಅತ್ತ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಇನ್ನೂ ಹೆಸರು ಮಾಡದ ಯುವಕ ಕಾಂಟ್ 1756ರಲ್ಲಿ ಇದೇ ಭೂಕಂಪದ ಮೇಲೆ ಮೂರು ಲೇಖನ ಬರೆದ. ಪಾಪ ಪುಣ್ಯದ ಮಾತು ಬಿಟ್ಟು, ನೆಲದೊಳಗೆ ಏನಾಗುತ್ತಿರಬಹುದು ಅನ್ನುವುದಕ್ಕೆ ಕಾರಣ ಹುಡುಕಿದ. ಅವನು ಕೊಟ್ಟ ವಿವರಣೆ ಇವತ್ತು ನಿಲ್ಲುವುದಿಲ್ಲ, ಅದು ಬೇರೆ ಮಾತು.

ಓದುವ ಕ್ರಮ: ಮೊದಲು ಕವಿತೆ, ಆಮೇಲೆ ರೂಸೋನ ಕಾಗದ, ಕೊನೆಗೆ 'ಕ್ಯಾಂಡೀಡ್'. ಎರಡರ ನಡುವೆ ಒಂದು ದಿನ ಬಿಡಿ. ಯಾರ ಪಕ್ಷ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೇ ಮುಂದಿನದ್ದಕ್ಕೆ ಹೋಗಿ.

'ಕ್ಯಾಂಡೀಡ್'ನಲ್ಲಿ 30 ಪುಟ್ಟ ಅಧ್ಯಾಯಗಳು. ಎರಡು ಮೂರು ಸಂಜೆಯಲ್ಲಿ ಮುಗಿಯುತ್ತದೆ. 5 ಮತ್ತು 6ನೇ ಅಧ್ಯಾಯ ಲಿಸ್ಬನ್ನಿನದ್ದು. ಇನ್ನೊಮ್ಮೆ ಭೂಕಂಪ ಆಗದಿರಲಿ ಅಂತ ಊರಿನ ಪಂಡಿತರು ಕೆಲವರನ್ನು ಸುಡಲು ಏರ್ಪಾಡು ಮಾಡುತ್ತಾರೆ. ಅದೇ ದಿನ ಮತ್ತೆ ಭೂಮಿ ನಡುಗುತ್ತದೆ. ಪುಸ್ತಕದ ಮೇಲೆ ವೋಲ್ಟೇರ್‌ನ ಹೆಸರಿರಲಿಲ್ಲ, ಡಾಕ್ಟರ್ ರಾಲ್ಫ್ ಎಂಬವರ ಜರ್ಮನ್ ಬರಹದ ಅನುವಾದ ಅಂತ ಅಚ್ಚಾಗಿತ್ತು. ಬರೆದವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಅವನು ಮಾತ್ರ ಒಪ್ಪುತ್ತಿರಲಿಲ್ಲ. ಸೆನ್ಸಾರ್ ಕಾಲದ ಪುಸ್ತಕ ಓದುವಾಗ ಮುಖಪುಟವನ್ನೂ ನಂಬಬೇಡಿ.

ಹೆಜ್ಜೆ 5: ಅದೇ ವರ್ಷದ ಇನ್ನೊಂದು ಪುಸ್ತಕ ಪಕ್ಕದಲ್ಲಿಡಿ

1759ರಲ್ಲೇ ಲಂಡನ್ನಿನಲ್ಲಿ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್‌ನ ಕಥೆ 'ರ‍್ಯಾಸೆಲಸ್' ಬಂತು. ತಾಯಿಯ ಅಂತ್ಯಕ್ರಿಯೆಯ ಖರ್ಚಿಗಾಗಿ ಒಂದು ವಾರದ ಸಂಜೆಗಳಲ್ಲಿ ಬರೆದದ್ದು. ಇಲ್ಲೂ ಒಬ್ಬ ಹುಡುಗ ಸುಖ ಎಲ್ಲಿದೆ ಅಂತ ಹುಡುಕುತ್ತಾ ಊರೂರು ಅಲೆಯುತ್ತಾನೆ. ಎರಡೂ ಎಷ್ಟು ಹತ್ತಿರ ಬಂದವೆಂದರೆ, ಕಾಪಿ ಮಾಡುವಷ್ಟು ಸಮಯವೇ ಇರಲಿಲ್ಲ, ಇದ್ದಿದ್ದರೆ ಅಲ್ಲಗಳೆಯುವುದು ಕಷ್ಟವಾಗುತ್ತಿತ್ತು ಎಂಬರ್ಥದ ಮಾತನ್ನು ಜಾನ್ಸನ್‌ನೇ ಆಡಿದ. ವೋಲ್ಟೇರ್ ಓಡಿಸುತ್ತಾನೆ, ಜಾನ್ಸನ್ ಕೂರಿಸುತ್ತಾನೆ. ನನಗೆ ವೋಲ್ಟೇರ್ ಇಷ್ಟ, ಆದರೆ ವಯಸ್ಸಾದಂತೆ ಜಾನ್ಸನ್ ಕಡೆ ವಾಲುವವರನ್ನೂ ಕಂಡಿದ್ದೇನೆ.

ಹೆಜ್ಜೆ 6: ಹ್ಯೂಮ್‌ನನ್ನು ಸಾವಿನ ಕಡೆಯಿಂದ ಓದಿ

ಹ್ಯೂಮ್‌ನ ಮೊದಲ ಪುಸ್ತಕ 1739-40ರ 'ಮಾನವ ಸ್ವಭಾವದ ಗ್ರಂಥ'. ಅದು ಅಚ್ಚುಯಂತ್ರದಿಂದ ಹುಟ್ಟುವಾಗಲೇ ಸತ್ತಿತ್ತು ಅಂತ ಅವನೇ ನಕ್ಕಿದ್ದಾನೆ. ಆ ಮಾತು ಇರುವುದು 'ನನ್ನ ಜೀವನ' ಎಂಬ ಕೆಲವೇ ಪುಟಗಳ ಬರಹದಲ್ಲಿ. ಬರೆದದ್ದು 1776ರ ಏಪ್ರಿಲ್‌ನಲ್ಲಿ, ಹೊಟ್ಟೆಯ ಕಾಯಿಲೆಯಿಂದ ತಾನು ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೆ. ಗೋಳಾಟ ಇಲ್ಲ, ದೇವರಿಗೆ ಮೊರೆ ಇಲ್ಲ. ಆಗಸ್ಟ್ 25ರಂದು ತೀರಿಕೊಂಡ.

ಇದರ ಜೊತೆ ಗೆಳೆಯ ಸ್ಮಿತ್ ಅದೇ ನವೆಂಬರ್‌ನಲ್ಲಿ ಮುದ್ರಕ ಸ್ಟ್ರಾಹನ್‌ಗೆ ಬರೆದ ಕಾಗದ ಓದಿ. ಮನುಷ್ಯನ ದೌರ್ಬಲ್ಯ ಬಿಟ್ಟುಕೊಡುವ ಮಟ್ಟಿಗೆ ಹ್ಯೂಮ್ ಪರಿಪೂರ್ಣ ವಿವೇಕಿ, ಸಜ್ಜನ ಅಂತ ಸ್ಮಿತ್ ಬರೆದ. ದೇವರನ್ನು ನಂಬದವನನ್ನು ಸಜ್ಜನ ಅನ್ನುವುದೇ! ಜನ ಸ್ಮಿತ್‌ನ ಮೇಲೆ ಮುಗಿಬಿದ್ದರು. 'ರಾಷ್ಟ್ರಗಳ ಸಂಪತ್ತು' ಪುಸ್ತಕದಲ್ಲಿ ಬ್ರಿಟನ್ನಿನ ಇಡೀ ವ್ಯಾಪಾರ ವ್ಯವಸ್ಥೆಯ ಮೇಲೆ ದಾಳಿ ಮಾಡಿದ್ದಕ್ಕಿಂತ ಹತ್ತುಪಟ್ಟು ಬೈಗುಳ ಈ ಪುಟ್ಟ ಕಾಗದಕ್ಕೆ ಬಂತು ಅಂತ ಅವನು ಆಮೇಲೆ ಹೇಳಿಕೊಂಡ.

ಹ್ಯೂಮ್‌ಗೂ ರೂಸೋಗೂ ಆದ ಜಗಳ ಬೇಕಿದ್ದರೆ ಇಲ್ಲೇ ಓದಿಕೊಳ್ಳಿ. 1766ರ ಜನವರಿಯಲ್ಲಿ ಹ್ಯೂಮ್ ನಿರಾಶ್ರಿತ ರೂಸೋನನ್ನು ಇಂಗ್ಲೆಂಡಿಗೆ ಕರೆತಂದ. ಕೆಲವೇ ತಿಂಗಳಲ್ಲಿ ರೂಸೋಗೆ, ಇವನೇ ನನ್ನ ವಿರುದ್ಧ ಪಿತೂರಿ ಮಾಡುತ್ತಿದ್ದಾನೆ ಅಂತ ಅನುಮಾನ. ಹ್ಯೂಮ್ ಕಾಗದಗಳನ್ನೆಲ್ಲ ಅಚ್ಚು ಹಾಕಿಸಿಬಿಟ್ಟ. ರಂಪ ರಾಮಾಯಣ. ಸ್ವಾರಸ್ಯ ಇದೆ, ಆದರೆ ತತ್ವ ಅಷ್ಟಿಲ್ಲ. ಒಂದು ಸಂಜೆಗಿಂತ ಹೆಚ್ಚು ಕೊಡಬೇಡಿ.

ಹೆಜ್ಜೆ 7: ಸ್ಮಿತ್‌ನ ಎರಡು ತುದಿ ಓದಿ

'ರಾಷ್ಟ್ರಗಳ ಸಂಪತ್ತು' ಬಂದದ್ದು 1776ರ ಮಾರ್ಚ್‌ನಲ್ಲಿ. ಮೊದಲ ಅಧ್ಯಾಯ ತೆರೆದರೆ ಗುಂಡುಪಿನ್ ತಯಾರಿಸುವ ಕಾರ್ಖಾನೆ. ಒಬ್ಬ ತಂತಿ ಎಳೆಯುತ್ತಾನೆ, ಇನ್ನೊಬ್ಬ ನೇರ ಮಾಡುತ್ತಾನೆ, ಮೂರನೆಯವನು ಕತ್ತರಿಸುತ್ತಾನೆ, ನಾಲ್ಕನೆಯವನು ಮೊನೆ ಮಾಡುತ್ತಾನೆ, ಐದನೆಯವನು ತಲೆ ಕೂರಿಸಲು ತುದಿ ಉಜ್ಜುತ್ತಾನೆ. ತಲೆ ಮಾಡುವುದೇ ಎರಡು ಮೂರು ಕೆಲಸ. ಹೀಗೆ ಸುಮಾರು 18 ಕೆಲಸ. ಹತ್ತು ಜನ ಸೇರಿ ದಿನಕ್ಕೆ 48,000ಕ್ಕೂ ಹೆಚ್ಚು ಪಿನ್ ಮಾಡುತ್ತಿದ್ದರು. ಕೆಲಸ ಕಲಿಯದ ಒಬ್ಬನೇ ಎಲ್ಲ ಮಾಡಲು ಹೋದರೆ ದಿನಕ್ಕೆ 20 ಕೂಡ ಆಗುತ್ತಿರಲಿಲ್ಲ.

ಇದನ್ನು ಎಲ್ಲರೂ ಹೇಳುತ್ತಾರೆ. ಮುಂದಿನದ್ದನ್ನು ಹೇಳುವವರು ಕಡಿಮೆ. ಕೊನೆಯ ಭಾಗಕ್ಕೆ, ಐದನೇ ಪುಸ್ತಕದಲ್ಲಿ ಶಿಕ್ಷಣದ ಬಗ್ಗೆ ಬರೆದ ಕಡೆಗೆ, ಜಿಗಿಯಿರಿ. ಇಡೀ ಜೀವನ ಒಂದೆರಡು ಸಣ್ಣ ಕೆಲಸವನ್ನೇ ಮಾಡುತ್ತಾ ಕಳೆದವನ ಬುದ್ಧಿ ತುಕ್ಕು ಹಿಡಿಯುತ್ತದೆ, ಅದಕ್ಕೇ ಸರ್ಕಾರ ಬಡವರ ಮಕ್ಕಳ ಓದಿಗೆ ಏರ್ಪಾಡು ಮಾಡಬೇಕು ಅಂತ ಅದೇ ಸ್ಮಿತ್ ಬರೆಯುತ್ತಾನೆ. ಪಿನ್ನಿನ ಅಧ್ಯಾಯ ಓದಿ ಸ್ಮಿತ್‌ನನ್ನು ಹೊಗಳುವವರೂ ಬೈಯುವವರೂ ಇಲ್ಲಿಗೆ ಬಂದಿರುವುದಿಲ್ಲ. ದಾರಿಯಲ್ಲಿ ನಾಲ್ಕನೇ ಪುಸ್ತಕದಲ್ಲಿ ವಸಾಹತುಗಳ ಅಧ್ಯಾಯವನ್ನೂ ಇಣುಕಿ ನೋಡಿ. ಯಾವುದೇ ದೇಶಕ್ಕೆ ವ್ಯಾಪಾರಿಗಳ ಕಂಪನಿಯ ಆಳ್ವಿಕೆಗಿಂತ ಕೆಟ್ಟ ಆಳ್ವಿಕೆ ಬಹುಶಃ ಇನ್ನೊಂದಿಲ್ಲ ಅನ್ನುತ್ತಾನೆ. ಈಸ್ಟ್ ಇಂಡಿಯಾ ಕಂಪನಿಯ ಬಗ್ಗೆ ಅವನಿಗೆ ಒಂಚೂರೂ ಮೋಹ ಇರಲಿಲ್ಲ.

ಅವನ 1759ರ ಪುಸ್ತಕ 'ನೈತಿಕ ಭಾವನೆಗಳ ಸಿದ್ಧಾಂತ'ದಲ್ಲೂ ಒಂದು ಭೂಕಂಪ ಇದೆ, ಮೂರನೇ ಭಾಗದಲ್ಲಿ ಹುಡುಕಿ. ಚೀನಾ ದೇಶವೇ ಮುಳುಗಿತು ಅಂತ ಕೇಳಿದ ಯುರೋಪಿನವನು ಅಯ್ಯೋ ಅಂದು ರಾತ್ರಿ ಗೊರಕೆ ಹೊಡೆಯುತ್ತಾನೆ. ನಾಳೆ ತನ್ನ ಕಿರುಬೆರಳು ಹೋಗುತ್ತದೆ ಅಂತ ಗೊತ್ತಾದರೆ ಮಾತ್ರ ನಿದ್ದೆ ಬರುವುದಿಲ್ಲ. ಹಾಗಿದ್ದರೂ ಕಿರುಬೆರಳು ಉಳಿಸಿಕೊಳ್ಳಲು ಕೋಟ್ಯಂತರ ಜನರನ್ನು ಬಲಿಕೊಡಲು ಅವನು ಒಪ್ಪುವುದಿಲ್ಲ. ಯಾಕೆ? ಸ್ಮಿತ್‌ನ ಉತ್ತರ ಅಲ್ಲೇ ಇದೆ. ಲಿಸ್ಬನ್ ನೋಟ್ಸ್ ಪಕ್ಕದಲ್ಲೇ ಇದನ್ನು ಬರೆದುಕೊಳ್ಳಿ.

ಹೆಜ್ಜೆ 8: ಕಾಂಟ್, ಆದರೆ ಕೆಲವೇ ಪುಟ

ಬರ್ಲಿನ್ನಿನ ಮಾಸಪತ್ರಿಕೆಯೊಂದರಲ್ಲಿ ಪಾದ್ರಿಯೊಬ್ಬರು ಅಡಿಟಿಪ್ಪಣಿಯಲ್ಲಿ, ಈ 'ಜ್ಞಾನೋದಯ' ಅಂದರೆ ಏನು ಅಂತ ಮೊದಲು ಯಾರಾದರೂ ಹೇಳಿ ಅಂತ ಕೇಳಿದರು. ಮೋಸೆಸ್ ಮೆಂಡೆಲ್‌ಸನ್ ಉತ್ತರ ಬರೆದ. 1784ರ ಡಿಸೆಂಬರ್‌ನಲ್ಲಿ ಕಾಂಟ್‌ನ ಉತ್ತರ ಬಂತು. ನನ್ನ ಬದಲು ಯೋಚಿಸಲು ಪುಸ್ತಕ, ನನ್ನ ಬದಲು ಆತ್ಮಸಾಕ್ಷಿಯಾಗಿ ಪಾದ್ರಿ, ನನ್ನ ಪಥ್ಯ ನಿರ್ಧರಿಸಲು ವೈದ್ಯ ಇದ್ದರೆ ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ ಅಂತ ಅವನು ಚುಚ್ಚುತ್ತಾನೆ.

ಇಲ್ಲಿ ಪೆನ್ಸಿಲ್ ಹಿಡಿದು ಓದಿ. ತೆರಿಗೆ ಕಟ್ಟಲೇಬೇಕು, ಆದರೆ ಅದು ಅನ್ಯಾಯ ಅಂತ ಬರೆಯುವ ಹಕ್ಕಿರಬೇಕು. ಸೈನ್ಯಾಧಿಕಾರಿ ಆಜ್ಞೆ ಪಾಲಿಸಬೇಕು, ಆದರೆ ಆಮೇಲೆ ಜನರ ಮುಂದೆ ಅದರ ತಪ್ಪು ಹೇಳಬಹುದು ಅನ್ನುವ ವಾದಕ್ಕೆ ಗೆರೆ ಎಳೆಯಿರಿ. ಒಪ್ಪಿಗೆಯೋ ಇಲ್ಲವೋ ಬರೆಯಿರಿ. ನನಗೆ ಇದು ಕಾಂಟ್‌ನ ನಾಡಾದ ಪ್ರಶ್ಯದ ರಾಜ ಫ್ರೆಡರಿಕ್‌ನ ಮುಂದೆ ತುಸು ಹೆಚ್ಚೇ ಬಗ್ಗಿದಂತೆ ಕಾಣುತ್ತದೆ.

ಹೆಜ್ಜೆ 9: ವಿಶ್ವಕೋಶವನ್ನು ಓದಬೇಡಿ, ನೋಡಿ

ದಿದೆರೋ ಮತ್ತು ದಾಲಂಬೇರ್ ಶುರು ಮಾಡಿದ ಫ್ರೆಂಚ್ ವಿಶ್ವಕೋಶ 1751ರಿಂದ 1772ರ ನಡುವೆ ಬಂತು: 17 ಸಂಪುಟ ಬರಹ, 11 ಸಂಪುಟ ಚಿತ್ರ. ಎರಡು ಸಲ ನಿಷೇಧ ಆಯಿತು. ಷಿಕಾಗೋ ವಿಶ್ವವಿದ್ಯಾಲಯದವರು ಮೂಲವನ್ನು ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಮಿಷಿಗನ್ ವಿಶ್ವವಿದ್ಯಾಲಯದವರು ಲೇಖನಗಳ ಇಂಗ್ಲಿಷ್ ಅನುವಾದ ಮಾಡಿಸುತ್ತಿದ್ದಾರೆ. ಚಿತ್ರಗಳಿಂದ ಶುರು ಮಾಡಿ. ಗುಂಡುಪಿನ್ ಕೆಲಸದ ಚಿತ್ರವೂ ಅಲ್ಲಿದೆ. ಆಮೇಲೆ ಲೇಖನಗಳ ಕೊನೆಯಲ್ಲಿ 'ಇದನ್ನೂ ನೋಡಿ' ಅಂತ ಇರುವುದನ್ನು ಗಮನಿಸಿ. ನರಭಕ್ಷಕರ ಬಗ್ಗೆ ಇರುವ ಲೇಖನ, ಕ್ರಿಸ್ತನ ದೇಹವೆಂದು ರೊಟ್ಟಿ ಸ್ವೀಕರಿಸುವ ಚರ್ಚಿನ ಪೂಜೆಯ ಲೇಖನವನ್ನು ನೋಡಿ ಅನ್ನುತ್ತದೆ! ಸೆನ್ಸಾರ್ ಅಧಿಕಾರಿ ಅಲ್ಲಿಯವರೆಗೆ ಓದಿರಲಿಕ್ಕಿಲ್ಲ.

ಹೆಜ್ಜೆ 10: ನಮ್ಮ ಕಡೆಯ ಬಾಗಿಲಿನಿಂದ ಬರ್ಕ್‌ನ ಹತ್ತಿರ ಹೋಗಿ

ಎಡ್ಮಂಡ್ ಬರ್ಕ್ 1785ರ ಫೆಬ್ರವರಿ 28ರಂದು ಬ್ರಿಟಿಷ್ ಸಂಸತ್ತಿನಲ್ಲಿ ಆರ್ಕಾಟಿನ ನವಾಬನ ಸಾಲಗಳ ಬಗ್ಗೆ ಮಾತಾಡಿದ. ಕಂಪನಿಯ ನೌಕರರು ನವಾಬನ ಹೆಸರಲ್ಲಿ ಸುಳ್ಳು ಸಾಲ ಸೃಷ್ಟಿಸಿ ಕರ್ನಾಟಿಕ್ ಪ್ರದೇಶವನ್ನು (ನಮ್ಮ ಕರ್ನಾಟಕವಲ್ಲ, ಈಗಿನ ತಮಿಳುನಾಡಿನ ಕಡೆಯದು) ದೋಚಿದರು ಅನ್ನುವುದು ಅವನ ಆರೋಪ. ಅದರ ನಡುವೆ 1780ರ ಹೈದರಾಲಿಯ ದಂಡಯಾತ್ರೆಯ ವರ್ಣನೆ ಬರುತ್ತದೆ. ಸೇಡು, ನಾಶ, ಹಾಳು ಎಲ್ಲವನ್ನೂ ಕಲಸಿ ಒಂದು ಕಪ್ಪು ಮೋಡ ಮಾಡಿಕೊಂಡು ಹೈದರ್ ಬೆಟ್ಟಗಳ ಇಳಿಜಾರಿನ ಮೇಲೆ ಸ್ವಲ್ಪ ಹೊತ್ತು ತೂಗಾಡುತ್ತಿದ್ದ, ಆಮೇಲೆ ಬಯಲಿನ ಮೇಲೆ ಸುರಿದ ಅನ್ನುವ ಧಾಟಿ. ಬರ್ಕ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಆದರೂ ಆ ಪುಟ ಜೋರಾಗಿ ಓದಿದರೆ ಮೈ ಜುಮ್ಮೆನ್ನುತ್ತದೆ. ಕೊಟ್ಟ ಮಾತಿಗೆ ನಿಲ್ಲದವರೇ ಹೈದರನನ್ನು ಕೆರಳಿಸಿದರು ಅಂತ ತಪ್ಪನ್ನು ಕಂಪನಿಯ ಮೇಲೆ ಹೊರಿಸುತ್ತಾನೆ.

ಶ್ರೀರಂಗಪಟ್ಟಣಕ್ಕೆ ಹೋದಾಗ ದರಿಯಾ ದೌಲತ್ ಬಾಗ್‌ನ ಗೋಡೆಯ ಮುಂದೆ ನಿಲ್ಲಿ. 1780ರ ಪೊಲ್ಲಿಲೂರು ಕದನದ ಚಿತ್ರ ಅಲ್ಲಿದೆ. ಅದೇ ಯುದ್ಧವನ್ನು ಗೆದ್ದವರು ಹೇಗೆ ಕಂಡರು ಅನ್ನುವುದು ಗೋಡೆಯ ಮೇಲೆ, ಲಂಡನ್ನಿನಿಂದ ಹೇಗೆ ಕಂಡಿತು ಅನ್ನುವುದು ಬರ್ಕ್‌ನ ಭಾಷಣದಲ್ಲಿ.

ಇದೇ ಬರ್ಕ್ 1790ರ ನವೆಂಬರ್ 1ರಂದು ಫ್ರಾನ್ಸಿನ ಕ್ರಾಂತಿಯ ವಿರುದ್ಧ ಪುಸ್ತಕ ತಂದ. ತಿಂಗಳು ತುಂಬುವ ಮೊದಲೇ ಮೇರಿ ವುಲ್ಸ್‌ಟನ್‌ಕ್ರಾಫ್ಟ್ ಹೆಸರು ಹಾಕದೆ ಉತ್ತರ ಕೊಟ್ಟಳು. ಅವಳು ಬರೆದಂತೆಲ್ಲ ಪ್ರಕಾಶಕ ಹಾಳೆಗಳನ್ನು ಅಚ್ಚಿಗೆ ಕಳಿಸುತ್ತಿದ್ದ. 1791ರಲ್ಲಿ ಥಾಮಸ್ ಪೇಯ್ನ್‌ನ ಉತ್ತರ ಬಂತು. 1792ರಲ್ಲಿ ವುಲ್ಸ್‌ಟನ್‌ಕ್ರಾಫ್ಟ್ ಹೆಣ್ಣುಮಕ್ಕಳ ಹಕ್ಕುಗಳ ಬಗ್ಗೆ ದೊಡ್ಡ ಪುಸ್ತಕ ಬರೆದಳು. ಅದರ 5ನೇ ಅಧ್ಯಾಯದಿಂದ ಶುರು ಮಾಡಿ. ಹೆಣ್ಣನ್ನು ಗಂಡಿನ ಸಂತೋಷಕ್ಕಾಗಿ ಬೆಳೆಸಬೇಕು ಅಂತ 1762ರ 'ಎಮಿಲ್'ನಲ್ಲಿ ಹೇಳಿದ ರೂಸೋನನ್ನು ಅವಳು ಅಲ್ಲಿ ಸಾಲುಸಾಲಾಗಿ ಹಿಡಿದು ಕೇಳುತ್ತಾಳೆ. ಲಿಸ್ಬನ್ ಕಾಗದ ಓದಿ ರೂಸೋನ ಪಕ್ಷ ಸೇರಿದ್ದವರು ಇಲ್ಲಿ ಸ್ವಲ್ಪ ಕಕ್ಕಾಬಿಕ್ಕಿಯಾಗುತ್ತಾರೆ.

ಹೆಜ್ಜೆ 11: ನಾಚಿಕೆಯ ಪುಟಗಳನ್ನು ಹಾರಿಸಬೇಡಿ

ಹ್ಯೂಮ್‌ನ ರಾಷ್ಟ್ರ ಸ್ವಭಾವಗಳ ಪ್ರಬಂಧಕ್ಕೆ ಸೇರಿಸಿದ ಅಡಿಟಿಪ್ಪಣಿಯೊಂದಿದೆ. ಕರಿಯರು ಹುಟ್ಟಿನಿಂದಲೇ ಬಿಳಿಯರಿಗಿಂತ ಕೀಳು ಅಂತ ಅನುಮಾನ ಅನ್ನುತ್ತಾನೆ. ಎಲ್ಲದಕ್ಕೂ ಸಾಕ್ಷಿ ಕೇಳಿದ ಮನುಷ್ಯ ಇಲ್ಲಿ ಕೇಳಲಿಲ್ಲ. ಮಕ್ಕಳನ್ನು ಬೆಳೆಸುವುದು ಹೇಗೆ ಅಂತ ಬರೆದ ರೂಸೋ ತನ್ನ ಐದೂ ಮಕ್ಕಳನ್ನು ಅನಾಥಾಶ್ರಮಕ್ಕೆ ಬಿಟ್ಟ. ಇವನ್ನು ಓದಿ ಸಿಟ್ಟು ಬಂದರೆ ಬರಲಿ.

ಆಮೇಲೆ ಒಲಾಡಾ ಇಕ್ವಿಯಾನೊನ 1789ರ ಆತ್ಮಕಥೆ ಎತ್ತಿಕೊಳ್ಳಿ. ಗುಲಾಮನಾಗಿದ್ದವನು ಸಣ್ಣಪುಟ್ಟ ವ್ಯಾಪಾರ ಮಾಡಿ ಕಾಸು ಕೂಡಿಟ್ಟು, 1766ರಲ್ಲಿ 40 ಪೌಂಡ್ ಕೊಟ್ಟು ತನ್ನನ್ನು ತಾನೇ ಬಿಡಿಸಿಕೊಂಡ. ಅದೇ ವರ್ಷ ಹ್ಯೂಮ್ ಮತ್ತು ರೂಸೋ ಯಾರು ಯಾರಿಗೆ ದ್ರೋಹ ಮಾಡಿದರು ಅಂತ ಕಾಗದದಲ್ಲಿ ಕಿತ್ತಾಡುತ್ತಿದ್ದರು. ಇಕ್ವಿಯಾನೊನ ಪುಸ್ತಕ ಅವನು ಬದುಕಿರುವಾಗಲೇ ಒಂಬತ್ತು ಮುದ್ರಣ ಕಂಡಿತು.

ಇಷ್ಟು ಮುಗಿಸಿದವರು ಮೊದಲು ಪಕ್ಕಕ್ಕಿಟ್ಟ ದಪ್ಪ ಪುಸ್ತಕಗಳಲ್ಲಿ ಯಾವುದನ್ನಾದರೂ ತೆರೆಯಬಹುದು. ನನ್ನನ್ನು ಕೇಳಿದರೆ ಅವುಗಳಿಗೂ ಮೊದಲು ಬಾಸ್ವೆಲ್ 1791ರಲ್ಲಿ ತಂದ ಜಾನ್ಸನ್ ಚರಿತ್ರೆ. ಅದನ್ನು ಮೊದಲ ಪುಟದಿಂದ ಓದುವ ಹಟ ಬೇಡ. 1763ರ ಮೇ 16ಕ್ಕೆ ಹೋಗಿ. ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ ಬಾಸ್ವೆಲ್ ಮೊದಲ ಸಲ, ಸ್ಕಾಟ್ಲೆಂಡಿನವರನ್ನು ಗೇಲಿ ಮಾಡುತ್ತಿದ್ದ ಜಾನ್ಸನ್‌ನನ್ನು ಕಂಡು, ನಾನು ಸ್ಕಾಟ್ಲೆಂಡಿನವನು, ಏನು ಮಾಡಲಿ ಅಂತ ತೊದಲಿ, ಚೆನ್ನಾಗಿ ಬೈಸಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಪುಸ್ತಕವೇ ಎಳೆದುಕೊಂಡು ಹೋಗುತ್ತದೆ.